ದಿನವಿಡೀ ಸುಸ್ತು: ನಿಮಗೆ ಕೈಹಿಡಿದ ಒಂದು ಅಭ್ಯಾಸ ಹೇಳ್ತೀರಾ?

ಕೇಳಿದವರು, ಬೆಂಗಳೂರು:
ವಯಸ್ಸು 34. ಅಕೌಂಟ್ಸ್ ಕೆಲಸ. ಬೆಳಿಗ್ಗೆ 8ಕ್ಕೆ ಮನೆ ಬಿಟ್ಟರೆ ವಾಪಸ್ ಬರುವುದು ರಾತ್ರಿ 8ಕ್ಕೆ. ಎದ್ದಾಗಲೂ ಸುಸ್ತು, ಮಲಗುವಾಗಲೂ ಸುಸ್ತು. ರಕ್ತ ಪರೀಕ್ಷೆ ಮಾಡಿಸಿದೆ, ಶುಗರ್, ಥೈರಾಯ್ಡ್, ಹಿಮೋಗ್ಲೋಬಿನ್ ಎಲ್ಲ ಸರಿಯಿದೆ. ಡಾಕ್ಟರ್ ‘ಲೈಫ್‌ಸ್ಟೈಲ್ ಸರಿ ಮಾಡ್ಕೊಳ್ಳಿ’ ಅಂದರು. ಏನು ಅಂತ ಸರಿ ಮಾಡ್ಕೊಳ್ಳಲಿ? ಜಿಮ್‌ಗೆ ಒಂದು ವರ್ಷದ ದುಡ್ಡು ಕಟ್ಟಿ ಹನ್ನೊಂದು ದಿನ ಹೋಗಿದ್ದೇನೆ. ದಯವಿಟ್ಟು ವಿಡಿಯೋ ಕಳಿಸಬೇಡಿ. ನೀವೇ ಮಾಡಿ, ಒಂದು ವರ್ಷವಾದರೂ ಬಿಡದೆ ನಡೆಸಿಕೊಂಡು ಬಂದಿರುವುದು ಇದ್ದರೆ ಮಾತ್ರ ಹೇಳಿ.

ನಿವೃತ್ತ ಟೀಚರ್, ಮೈಸೂರು:
ಬೆಳಿಗ್ಗೆ ಬೇಗ ಎದ್ದು ನಡೆಯಪ್ಪ. ಅಷ್ಟೇ. ನಾನು ಆರು ವರ್ಷದಿಂದ ಕುಕ್ಕರಹಳ್ಳಿ ಕೆರೆ ಸುತ್ತುತ್ತಿದ್ದೇನೆ. ಆರೋಗ್ಯದ ಆಸೆಯಿಂದ ಶುರುಮಾಡಿದ್ದು ನಿಜ, ಆದರೆ ಆಸೆ ಮೂರು ವಾರಕ್ಕೇ ಮುಗಿದಿತ್ತು. ಮುಂದೆ ನಡೆಸಿದ್ದು ಎದುರು ಮನೆಯಾಕೆ. ಆರಕ್ಕೆ ಸರಿಯಾಗಿ ಗೇಟಿನ ಹತ್ತಿರ ನಿಂತಿರುತ್ತಾರೆ. ಬೆಲ್ ಮಾಡಲ್ಲ, ಕೂಗಲ್ಲ, ಸುಮ್ನೆ ನಿಂತಿರುತ್ತಾರೆ. ಅವರನ್ನು ನಿಲ್ಲಿಸಿ ಮಲಗೋದು ಹೇಗೆ? ಹಾಗಾಗಿ ನನ್ನ ಸಲಹೆ, ಶೂ ಆಮೇಲೆ ತಗೋ, ಮೊದಲು ಜೊತೆಗೆ ಒಬ್ಬರನ್ನು ಹುಡುಕು. ನಮ್ಮ ಕೆರೆಯಲ್ಲಿ ಹೆಜ್ಜಾರ್ಲೆಗಳು ಇಳಿಯುವುದನ್ನು ನೋಡೋದೇ ಒಂದು ಹಬ್ಬ. ವಾರಕ್ಕೆ 150 ನಿಮಿಷ ಚುರುಕಾಗಿ ನಡೆದರೂ ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಐದು ದಿನ ಅರ್ಧರ್ಧ ಗಂಟೆ ಆಯಿತು ನೋಡು.

ನರ್ಸ್, ಮಂಗಳೂರು:
ಟೀಚರ್, ಬೇಸರ ಮಾಡ್ಕೋಬೇಡಿ. ‘ಬೇಗ ಏಳು’ ಅನ್ನೋದು ಎಲ್ಲರಿಗೂ ಆಗಲ್ಲ. ನನಗೆ ತಿಂಗಳಲ್ಲಿ ಹತ್ತು ದಿನ ನೈಟ್ ಡ್ಯೂಟಿ. ಒಂದು ಸಲ ಹಟ ಹಿಡಿದು ಐದಕ್ಕೆ ಏಳೋ ಪ್ರಯೋಗ ಮಾಡಿದೆ. ಮಲಗುತ್ತಿದ್ದದ್ದು ಹನ್ನೆರಡಕ್ಕೆ. ಎರಡನೇ ವಾರ ಬಸ್ಸಿನಲ್ಲಿ ನಿಂತುಕೊಂಡೇ ತೂಕಡಿಸಿದೆ. ದೊಡ್ಡವರಿಗೆ ಏಳು ಗಂಟೆಯಾದರೂ ನಿದ್ದೆ ಬೇಕು. ಎಷ್ಟಕ್ಕೆ ಏಳ್ತೀರಿ ಅನ್ನೋದಕ್ಕಿಂತ ಮೊದಲು ಎಷ್ಟಕ್ಕೆ ಮಲಗ್ತೀರಿ ಅಂತ ನೋಡಿ ಸರ್.

ನನಗೆ ಕೈಹಿಡಿದದ್ದು ಒಂದೇ. ರಾತ್ರಿ ಫೋನು ಅಡುಗೆಮನೆಯಲ್ಲಿ, ಮಿಕ್ಸಿ ಪಕ್ಕ ಚಾರ್ಜಿಗೆ. ಮಂಚದ ಹತ್ತಿರ ಇದ್ದರೆ ‘ಐದು ನಿಮಿಷ’ ಅಂತ ತೆಗೆದು ಒಂದು ಗಂಟೆಗೆ ಕೆಳಗಿಡುತ್ತಿದ್ದೆ. ಎದ್ದು ಅಡುಗೆಮನೆವರೆಗೆ ಹೋಗೋಕೆ ಸೋಮಾರಿತನ, ಆ ಸೋಮಾರಿತನವೇ ನನ್ನನ್ನು ಕಾಪಾಡಿತು! ಅಲಾರಂಗೆ ಬೇರೆ ಗಡಿಯಾರ ಇಟ್ಟಿದ್ದೇನೆ. ಮನೆಯವರ ತುರ್ತು ಕರೆ ಬಂದರೆ ಕೇಳಲಿ ಅಂತ ರಿಂಗ್ ಜೋರಾಗಿಯೇ ಇರುತ್ತೆ. ನೈಟ್ ಡ್ಯೂಟಿ ಮುಗಿಸಿ ಹಗಲು ಮಲಗುವಾಗ ಕಿಟಕಿಗೆ ಹಳೇ ಕಪ್ಪು ಸೀರೆ ಮಡಚಿ ಕಟ್ಟುತ್ತೇನೆ. ಕತ್ತಲಾದರೆ ಅರ್ಧ ನಿದ್ದೆ ಬಂದ ಹಾಗೆ.

ಚಿಕ್ಕಮಗಳೂರಿನವರು:
ಕಾಫಿ ಎಷ್ಟಕ್ಕೆ ಕುಡಿಯುತ್ತೀರಿ ಅಂತ ಯಾರೂ ಕೇಳಲೇ ಇಲ್ಲ. ಕಾಫಿ ನಾಡಿನವನಾಗಿ ಇದನ್ನು ಹೇಳೋಕೆ ನಾಚಿಕೆ, ಆದರೂ ಹೇಳ್ತೀನಿ. ನನ್ನದು ದಿನಕ್ಕೆ ಐದು ಲೋಟ, ಕೊನೆಯದು ಸಂಜೆ ಏಳಕ್ಕೆ. ಕುಡಿದ ಕೆಫೀನ್‌ನಲ್ಲಿ ಅರ್ಧ ಇಳಿಯೋಕೇ ಸುಮಾರು ಐದು ಗಂಟೆ ಬೇಕಂತೆ. ಅಂದರೆ ನಡುರಾತ್ರಿಯಲ್ಲೂ ಅರ್ಧ ಲೋಟ ಕಾಫಿ ಹೊಟ್ಟೆಯಲ್ಲಿ ಇಟ್ಟುಕೊಂಡೇ ಹೊರಳಾಡುತ್ತಿದ್ದೆ. ಈಗ ಮಧ್ಯಾಹ್ನ ಎರಡರ ಮೇಲೆ ಕಾಫಿ ಇಲ್ಲ. ಸಂಜೆಗೆ ಕೊತ್ತಂಬರಿ, ಜೀರಿಗೆ ಹುರಿದು ಪುಡಿ ಮಾಡಿದ ಕಷಾಯ, ಹಾಲು ಬೆಲ್ಲ ಹಾಕಿ. ಮೊದಲ ನಾಲ್ಕೈದು ದಿನ ತಲೆನೋವು ಬಂತು, ಆಮೇಲೆ ಹೋಯಿತು. ಒಂದೇ ಸಲ ನಿಲ್ಲಿಸಬೇಡಿ, ಒಂದೊಂದೇ ಲೋಟ ಕಡಿಮೆ ಮಾಡಿ.

ನಿಜವಾದ ಕಷ್ಟ ನೆಂಟರ ಮನೆಯಲ್ಲಿ. ನಮ್ಮ ಕಡೆ ಸಂಜೆ ಕಾಫಿ ಬೇಡ ಅಂದರೆ ‘ಏನಾದ್ರೂ ಸಿಟ್ಟಾ?’ ಅಂತಾರೆ. ಅಲ್ಲಿ ಮಾತ್ರ ಅರ್ಧ ಲೋಟ ಕುಡಿದು ಬರುತ್ತೇನೆ.

ಬಟ್ಟೆ ಅಂಗಡಿ, ಹುಬ್ಬಳ್ಳಿ:
ನನ್ನದು ಗಾದಿ ಮೇಲೆ ಕೂತು ಮಾಡುವ ವ್ಯಾಪಾರ. ಎರಡು ವರ್ಷದ ಹಿಂದೆ ಶುಗರ್ ಗಡಿಯಲ್ಲಿ ಬಂತು. ಡಾಕ್ಟರು ಊಟ ಆದ ಮೇಲೆ ಹತ್ತು ನಿಮಿಷ ನಡೆಯಿರಿ ಅಂದರು. ಕಾಲಿನ ಸ್ನಾಯುಗಳು ಕೆಲಸ ಮಾಡುವಾಗ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ ಅಂತ ತಿಳಿಸಿ ಹೇಳಿದರು. ನಮ್ಮ ಅಜ್ಜಿ ಉಂಡ ಮೇಲೆ ನೂರು ಹೆಜ್ಜೆ ಅನ್ನುತ್ತಿದ್ದಳು, ಅದನ್ನೇ ಫೀಸು ಕೊಟ್ಟು ಕೇಳಿಸಿಕೊಂಡೆ ನೋಡ್ರಿ. ಈಗ ಮಧ್ಯಾಹ್ನ ರೊಟ್ಟಿ ಊಟ ಮುಗಿಸಿ, ಓಣಿಯ ಆ ತುದಿಯ ಪಾನ್ ಅಂಗಡಿವರೆಗೆ ಹೋಗಿ ಬರುತ್ತೇನೆ. ಪಾನ್ ತಿನ್ನಲ್ಲ! ಮೊದಲು ಊಟ ಆದ ಮೇಲೆ ಮೂರಕ್ಕೆ ಕಣ್ಣು ಎಳೆಯುತ್ತಿತ್ತು, ಅದು ಕಡಿಮೆಯಾಗಿದೆ. ಗಿರ್ಮಿಟ್, ಮಿರ್ಚಿ ಮಾತ್ರ ಬಿಟ್ಟಿಲ್ಲ, ವಾರಕ್ಕೊಮ್ಮೆ ಅಂತ ಮಾಡಿಕೊಂಡಿದ್ದೇನೆ. ಪೂರ್ತಿ ಬಿಡ್ತೀನಿ ಅಂತ ಶುರು ಮಾಡಿದ್ದರೆ ಎಲ್ಲವೂ ಬಿಟ್ಟುಹೋಗುತ್ತಿತ್ತು.

ಸ್ಟಾಕ್‌ಹೋಮ್‌ನಿಂದ:
ಬಿಸಿಲಿಗೆ ಹೋಗಿ. ಊರಲ್ಲಿದ್ದಾಗ ಅದರ ಬೆಲೆ ಗೊತ್ತಿರಲಿಲ್ಲ. ಇಲ್ಲಿ ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರರ ಒಳಗೇ ಸೂರ್ಯ ಮುಳುಗುತ್ತಾನೆ. ಮೊದಲ ಚಳಿಗಾಲ ಪೂರ್ತಿ ಮಂಕು ಹಿಡಿದವನ ಹಾಗಿದ್ದೆ. ಈಗ ಹನ್ನೆರಡಕ್ಕೆ ಏನೇ ಮೀಟಿಂಗ್ ಇದ್ದರೂ ಅರ್ಧ ಗಂಟೆ ಹೊರಗೆ. ಆ ಹೊತ್ತಿಗೇ ಅಮ್ಮನಿಗೆ ಫೋನು, ಊರಲ್ಲಿ ಆಗ ಸಂಜೆ. ಮೋಡ ಇದ್ದರೂ ಒಳಗಿನ ಟ್ಯೂಬ್‌ಲೈಟಿಗಿಂತ ಹೊರಗಿನ ಬೆಳಕು ಎಷ್ಟೋ ಜಾಸ್ತಿ. ಬೆಂಗಳೂರಲ್ಲಿ ಎಸಿ ಆಫೀಸಿನಲ್ಲಿ ಕೂತು ಬಿಸಿಲೇ ನೋಡದವರು ಬೇಕಾದಷ್ಟಿದ್ದಾರೆ, ಅಲ್ವಾ?

ಹೆಸರು ಬೇಡ, ದಾವಣಗೆರೆ:
ಒಂದು ಮಾತು ಸೇರಿಸುತ್ತೇನೆ. ನನಗೂ ಹೀಗೇ ಸುಸ್ತು ಅಂತ ಶುರುವಾಗಿದ್ದು. ನಡೆದೆ, ಕಾಫಿ ಬಿಟ್ಟೆ, ಧ್ಯಾನ ಮಾಡಿದೆ. ಏನೂ ಆಗಲಿಲ್ಲ, ಯಾಕೆಂದರೆ ಅದು ಖಿನ್ನತೆಯಾಗಿತ್ತು. ಇಷ್ಟವಾದ ಕೆಲಸವೂ ಬೇಡ ಅನ್ನಿಸೋದು, ಸುಮ್ನೆ ಅಳು ಬರೋದು ಎರಡು ವಾರಕ್ಕಿಂತ ಜಾಸ್ತಿ ಇದ್ದರೆ ಅಭ್ಯಾಸ ಬದಲಿಸುತ್ತಾ ಕೂರಬೇಡಿ. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, 2022ರಿಂದ ಇದೆ. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ನಾನು ಮೊದಲ ಸಲ ಮಾಡಿ ಏನೂ ಹೇಳದೆ ಇಟ್ಟುಬಿಟ್ಟೆ. ಎರಡನೇ ಸಲ ಮಾತಾಡಿದೆ. ಈಗ ಮಾತ್ರೆಯೂ ಇದೆ, ನಡಿಗೆಯೂ ಇದೆ.

ಕೇಳಿದವರು, ಹತ್ತು ದಿನದ ನಂತರ:
ಎಲ್ಲರಿಗೂ ಥ್ಯಾಂಕ್ಸ್. ದಾವಣಗೆರೆಯವರೇ, ನೀವು ಹೇಳಿದ್ದನ್ನು ನೋಡಿಕೊಂಡೆ, ನನಗೆ ಹಾಗಿಲ್ಲ. ಆದರೂ ನಂಬರ್ ಇಟ್ಟುಕೊಂಡಿದ್ದೇನೆ. ಎಲ್ಲವನ್ನೂ ಒಟ್ಟಿಗೆ ಹಿಡಿದರೆ ಮತ್ತೆ ಜಿಮ್ ಕಥೆಯೇ ಆಗುತ್ತೆ ಅಂತ ಎರಡೇ ಹಿಡಿದಿದ್ದೇನೆ. ಸಂಜೆ ಕಾಫಿ ಇಲ್ಲ, ಫೋನು ಅಡುಗೆಮನೆಗೆ. ಏಳು ರಾತ್ರಿ ಸರಿ ನಡೆದಿದೆ, ಮೂರು ರಾತ್ರಿ ಫೋನೇ ಗೆದ್ದಿದೆ. ಒಂದು ಸಮಸ್ಯೆ. ಹೊಸ ಅಲಾರಂ ಗಡಿಯಾರದ ಟಿಕ್ ಟಿಕ್ ಸದ್ದಿಗೇ ನಿದ್ದೆ ಬರ್ತಿಲ್ಲ.

ನರ್ಸ್, ಮಂಗಳೂರು:
ಟವೆಲ್ ಸುತ್ತಿ ಬೀರುವಿನೊಳಗೆ ಇಡಿ. ಅಲಾರಂ ಕೇಳಿಸುತ್ತೆ, ಟಿಕ್ ಟಿಕ್ ಕೇಳಿಸಲ್ಲ.