ಶಾಂತಕ್ಕ, 38.9 ಅಂದರೆ 102, 108 ಅಲ್ಲ

ಶಾಂತಕ್ಕ, ಗಾಬರಿ ಆಗಬೇಡಿ. ಮೊಮ್ಮಗನ ಜ್ವರ 38.9 ಅಂತ ನೀವು ಹಾಕಿದ್ದಕ್ಕೆ ಗ್ರೂಪಿನಲ್ಲಿ, ಸೆಲ್ಸಿಯಸ್‌ನಿಂದ ಫ್ಯಾರನ್‌ಹೀಟ್‌ಗೆ ತಿರುಗಿಸಲು ‘ಡಬಲ್ ಮಾಡಿ 30 ಕೂಡಿಸಿ’ ಅಂತ ಲೆಕ್ಕ ಬಂತಲ್ಲ, ಅದರಿಂದಲೇ 108 ಆಗಿದ್ದು. ನಿಜಕ್ಕೂ ಇರುವುದು 102 ಫ್ಯಾರನ್‌ಹೀಟ್. ಅದೂ ಒಳ್ಳೇ ಜ್ವರವೇ, ಡಾಕ್ಟರಿಗೆ ಫೋನ್ ಮಾಡಿ. ಮಾಡುವಾಗ ಬರೀ ನಂಬರ್ ಹೇಳಬೇಡಿ, ‘38.9 ಸೆಲ್ಸಿಯಸ್, ಕಂಕುಳಲ್ಲಿ ಇಟ್ಟು ನೋಡಿದ್ದು’ ಅಂತ ಪೂರ್ತಿ ಹೇಳಿ. ಕಂಕುಳಲ್ಲಿ ಬಾಯಿಗಿಂತ ಸ್ವಲ್ಪ ಕಮ್ಮಿ ತೋರಿಸುತ್ತದೆ.

ಸರಿಯಾದ ಲೆಕ್ಕ ಕಷ್ಟ ಏನಿಲ್ಲ. ಡಬಲ್ ಮಾಡಿ, ಬಂದದ್ದರಲ್ಲಿ ಹತ್ತನೇ ಒಂದು ಪಾಲು ಕಳೆಯಿರಿ, ಆಮೇಲೆ 32 ಕೂಡಿಸಿ. 38.9ರ ಡಬಲ್ 77.8. ಅದರಲ್ಲಿ 7.8 ಹೋದರೆ 70. ಮೇಲೆ 32 ಸೇರಿದರೆ 102. ಆ 30ರ ಲೆಕ್ಕ 10 ಡಿಗ್ರಿಗೆ ಮಾತ್ರ ಸರಿ, ಪುಣೆಯ ಚಳಿಗಾಲದ ಬೆಳಗಿಗೆ ಬೇಕಾದರೆ ಆದೀತು. ಅಲ್ಲಿಂದ ಮೇಲೆ ಪ್ರತಿ ಸೆಲ್ಸಿಯಸ್ ಡಿಗ್ರಿಗೂ 0.2 ಜಾಸ್ತಿ ತೋರಿಸುತ್ತಾ ಹೋಗುತ್ತದೆ. ಹವೆ ನೋಡುವುದಕ್ಕೆ ನಡೆಯುತ್ತದೆ, ಜ್ವರಕ್ಕೆ ಖಂಡಿತಾ ಬೇಡ.

ಇಷ್ಟು ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿಬಿಡಿ: 37ಕ್ಕೆ 98.6, 38ಕ್ಕೆ 100.4, 39ಕ್ಕೆ 102.2, 40ಕ್ಕೆ 104.

ಇನ್ನೊಂದು, ಔಷಧಿ ಕೊಟ್ಟ ಮೇಲೆ ‘ಒಂದು ಡಿಗ್ರಿ ಇಳಿಯಿತು’ ಅಂತೀರಲ್ಲ, ಅಲ್ಲಿ 32 ಸೇರಿಸಲೇಬಾರದು. ಸೆಲ್ಸಿಯಸ್‌ನಲ್ಲಿ ಒಂದು ಡಿಗ್ರಿ ಇಳಿದರೆ ಫ್ಯಾರನ್‌ಹೀಟ್‌ನಲ್ಲಿ 1.8 ಇಳಿದ ಹಾಗೆ, ಅಷ್ಟೇ.

ಥರ್ಮಾಮೀಟರ್ ತಾನಾಗಿ ಸೆಲ್ಸಿಯಸ್‌ಗೆ ಬದಲಾಯಿತು ಅಂದಿರಿ. ಕೆಲವು ಡಿಜಿಟಲ್ ಮಾಡೆಲ್‌ಗಳಲ್ಲಿ ಆನ್ ಮಾಡುವ ಬಟನ್ ಒತ್ತಿ ಹಿಡಿದರೆ ಸಿ ಹೋಗಿ ಎಫ್ ಬರುತ್ತದೆ, ಎಫ್ ಇದ್ದರೆ ಸಿ. ಮಕ್ಕಳ ಕೈಗೆ ಸಿಕ್ಕರೆ ಹಾಗೇ ಆಗುವುದು. ಬಂದ್ ಮಾಡಿ, ಮತ್ತೆ ಒತ್ತಿ ಹಿಡಿದು ನೋಡಿ. ಬದಲಾಗದಿದ್ದರೆ ಡಬ್ಬಿಯೊಳಗಿನ ಚೀಟಿಯಲ್ಲಿ ಬರೆದಿರುತ್ತದೆ. ಯಾವಾಗ ನೋಡಿದರೂ ನಂಬರಿನ ಪಕ್ಕದ ಅಕ್ಷರ ಮೊದಲು ನೋಡಿ.

ಸೊಸೆ ಕೇಳಿದ ಕೇಕಿಗೆ ಓವನ್ ಬಿಸಿ 350 ಅಂತ ಇರುವುದು ಕೂಡ ಫ್ಯಾರನ್‌ಹೀಟೇ, ಅಮೆರಿಕದ ರೆಸಿಪಿ ಅದು. ನಮ್ಮ ಓಟಿಜಿ (ಮನೆಯ ಸಣ್ಣ ಓವನ್) ಡಯಲ್ ಹೆಚ್ಚಾಗಿ 250 ಸೆಲ್ಸಿಯಸ್‌ಗೇ ಮುಗಿಯುತ್ತದೆ, ಅದನ್ನು ಕೊನೆವರೆಗೆ ತಿರುಗಿಸಿದರೆ ಕೇಕ್ ಮೇಲೆ ಸೀದು ಒಳಗೆ ಹಸಿ ಉಳಿಯುತ್ತದೆ. ಇಲ್ಲಿ ಲೆಕ್ಕ ತಿರುಗಾಮುರುಗಾ: 32 ಕಳೆದು ಅರ್ಧ ಮಾಡಿ, ಆ ಅರ್ಧದ ಹತ್ತನೇ ಪಾಲು ಅದಕ್ಕೇ ಸೇರಿಸಿ. 318, 159, ಕೊನೆಗೆ 175. ಡಯಲ್ 175–180ರ ನಡುವೆ ಇಡಲಿ. ಓವನ್ನಿನ ಒಳಗಿನ ಫ್ಯಾನ್ ಹಾಕುವುದಾದರೆ 160 ಸಾಕು.