ಧ್ವನಿಮುದ್ರಣದಿಂದ ಮಾತನಾಡಿದವರನ್ನು ಖಚಿತವಾಗಿ ಗುರುತಿಸಬಹುದೇ?

ಕಾನೂನು ವಿದ್ಯಾರ್ಥಿನಿ:
ನಮಸ್ಕಾರ. ಲಂಚದ ಪ್ರಕರಣಗಳಲ್ಲಿ ಎಷ್ಟೋ ಸಲ ಮೊಬೈಲ್ ಸಂಭಾಷಣೆಯೇ ಮುಖ್ಯ ಸಾಕ್ಷ್ಯವಾಗಿರುತ್ತದೆ. ಆ ದನಿ ಆರೋಪಿಯದೇ ಎಂದು ಬೆರಳಚ್ಚಿನಷ್ಟು ನಿಶ್ಚಯವಾಗಿ ಹೇಳಲು ಬರುತ್ತದೆಯೇ? ಮಾದರಿ ಪಡೆಯುವಾಗ ಬರೆದ ಪಠ್ಯವನ್ನು ಓದಿಸುತ್ತಾರಂತೆ. ಓದುವ ಕನ್ನಡಕ್ಕೂ ಆಡುವ ಕನ್ನಡಕ್ಕೂ ಇಷ್ಟು ಅಂತರವಿರುವಾಗ ಆ ಹೋಲಿಕೆಯನ್ನು ಎಷ್ಟು ನಂಬಬಹುದು?

ಧ್ವನಿಜಿಜ್ಞಾಸು:
ಬೆರಳಚ್ಚಿನ ಉಪಮೆಯೇ ದಾರಿ ತಪ್ಪಿಸುತ್ತದೆ. ಅಮೆರಿಕದ ಲಾರೆನ್ಸ್ ಕೆರ್ಸ್ಟಾ 1962ರಲ್ಲಿ ಸ್ಪೆಕ್ಟ್ರೋಗ್ರಾಮ್ ಚಿತ್ರಗಳನ್ನು (ದನಿಯ ಕಂಪನಾಂಕಗಳು ಹೊತ್ತಿನೊಂದಿಗೆ ಬದಲಾಗುವುದನ್ನು ತೋರಿಸುವ ಚಿತ್ರಗಳು) 'ವಾಯ್ಸ್‌ಪ್ರಿಂಟ್' ಎಂಬ ಹೆಸರಿನಲ್ಲಿ ಪ್ರಚಾರಕ್ಕೆ ತಂದಂದಿನಿಂದ ಈ ಭ್ರಮೆ ಬಲವಾಗಿ ಬೇರೂರಿದೆ. ಬೆರಳ ಗೆರೆ ಬದಲಾಗದು. ದನಿಯಾದರೋ ನೆಗಡಿಗೆ, ಸಿಟ್ಟಿಗೆ, ವಯಸ್ಸಿಗೆ, ಎದುರಿಗಿರುವವರು ಯಾರೆಂಬುದಕ್ಕೂ ತಕ್ಕಂತೆ ಬದಲಾಗುತ್ತದೆ. ಸಾಲದ್ದಕ್ಕೆ, ಸಾಂಪ್ರದಾಯಿಕ ದೂರವಾಣಿ ಜಾಲ ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಭಾಗವನ್ನು ಮಾತ್ರ ದಾಟಿಸುವುದರಿಂದ, 'ಇ', 'ಉ' ಸ್ವರಗಳ ಮೊದಲ ಫಾರ್ಮಂಟ್ (ಬಾಯಿ-ಗಂಟಲಿನ ಅನುರಣನದಿಂದ ಬಲಗೊಳ್ಳುವ ಕಂಪನಾಂಕ) ಆ ಕೆಳಗಿನ ಅಂಚಿನಲ್ಲೇ ಬಿದ್ದು, ಅಳೆದಾಗ ಇರುವುದಕ್ಕಿಂತ ಮೇಲೆ ಕಾಣಿಸುತ್ತದೆ. ಆದ್ದರಿಂದ ಎಚ್ಚರವುಳ್ಳ ತಜ್ಞರು "ಇದು ಇವನದೇ ದನಿ" ಎನ್ನುವುದಿಲ್ಲ. ಮಾತನಾಡಿದವನು ಆರೋಪಿಯೇ ಆಗಿದ್ದರೆ ಇಂಥ ಸಾಮ್ಯ ಸಿಗುವ ಸಂಭವವೆಷ್ಟು, ಅದೇ ಸೀಮೆಯ ಬೇರೊಬ್ಬನಾಗಿದ್ದರೆ ಎಷ್ಟು ಎಂಬೆರಡನ್ನೂ ತೂಗಿ ನೋಡುತ್ತಾರೆ.

ಓದಿಸುವ ವಿಚಾರದಲ್ಲಿ ನಿಮ್ಮ ಸಂದೇಹ ಸರಿಯಾಗಿದೆ. ಕರೆಯಲ್ಲಿ "ನಾಳೆ ಬರ್ತೀನ್ರಿ" ಎಂದವನ ಕೈಗೆ ಹಾಳೆ ಕೊಟ್ಟರೆ "ನಾಳೆ ಬರುತ್ತೇನೆ" ಎಂದು ಶಾಲೆಯ ಪಾಠದಂತೆ ಒಪ್ಪಿಸುತ್ತಾನೆ. ಸ್ವರದ ಉದ್ದ, ಏರಿಳಿತ, ಲಯ ಎಲ್ಲವೂ ಬೇರೆಯಾಗುತ್ತವೆ. ಓದಿನ ಜೊತೆಗೆ ಸಹಜ ಮಾತುಕತೆಯನ್ನೂ ಧ್ವನಿಮುದ್ರಿಸಿಕೊಳ್ಳದಿದ್ದರೆ ಆ ಮಾದರಿ ಅರ್ಧ ಮಾತ್ರ ಎಂಬುದು ನನ್ನ ಅಭಿಪ್ರಾಯ.

ಹಳೆಯ ವಕೀಲ:
ಮಾದರಿ ಕೊಡುವಂತೆ ಮ್ಯಾಜಿಸ್ಟ್ರೇಟರು ಆದೇಶಿಸಬಹುದೆಂದು ರಿತೇಶ್ ಸಿನ್ಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ಆಗಸ್ಟ್‌ನಲ್ಲಿ ತೀರ್ಪಿತ್ತಿತು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 349ನೆಯ ಕಲಮು ಈಗ ಅದನ್ನು ಸ್ಪಷ್ಟವಾಗಿಯೇ ಹೇಳುತ್ತದೆ. ಆದರೆ ಮಾದರಿ ಪಡೆಯುವ ಅಧಿಕಾರ ಬೇರೆ, ತಜ್ಞರ ವರದಿಯ ತೂಕ ಬೇರೆ. ಪಾಟೀ ಸವಾಲಿನಲ್ಲಿ ಮೊದಲು ಕೇಳಬೇಕಾದದ್ದು, ಎರಡು ಧ್ವನಿಮುದ್ರಣಗಳೂ ಒಂದೇ ಬಗೆಯ ಸಾಧನದಿಂದ ಬಂದವೇ ಎಂಬುದು.

ಮಲೆನಾಡಿಗ:
ಆಡುಮಾತಿನ ಲಕ್ಷಣಗಳ ಬಗ್ಗೆ ಒಂದು ಮಾತು. 'ಹಾಲು' ಎನ್ನಲು 'ಆಲು' ಎನ್ನುವುದು ಸಾವಿರಾರು ಜನರಲ್ಲಿ ಉಂಟು. ಅದು ಗುಂಪನ್ನು ತೋರಿಸೀತೇ ಹೊರತು ವ್ಯಕ್ತಿಯನ್ನಲ್ಲ. ಇಂಗ್ಲೆಂಡಿನಲ್ಲಿ 1979ರಲ್ಲಿ ತಾನೇ ಯಾರ್ಕ್‌ಷೈರ್ ಸರಣಿ ಕೊಲೆಗಾರನೆಂದು ಒಬ್ಬ ಪೊಲೀಸರಿಗೆ ಟೇಪು ಕಳಿಸಿದ. ಉಪಭಾಷಾ ತಜ್ಞ ಸ್ಟ್ಯಾನ್ಲಿ ಎಲ್ಲಿಸ್ ಆ ಉಚ್ಚಾರಣೆಯನ್ನು ಸಂಡರ್‌ಲ್ಯಾಂಡ್ ಊರಿನ ಕಾಸಲ್‌ಟೌನ್ ಭಾಗದ್ದೆಂದು ಗುರುತಿಸಿದರು, ಅದು ನಿಜವೂ ಆಗಿತ್ತು. ಆದರೆ ಪೊಲೀಸರು ಕೊಲೆಗಾರನಿಗೂ ಅದೇ ಉಚ್ಚಾರಣೆ ಇರಬೇಕೆಂದು ನಂಬಿ ಕುಳಿತರು. 1981ರಲ್ಲಿ ಸಿಕ್ಕಿಬಿದ್ದ ನಿಜವಾದ ಕೊಲೆಗಾರ ಪೀಟರ್ ಸಟ್‌ಕ್ಲಿಫ್ ಯಾರ್ಕ್‌ಷೈರಿನವನೇ. ಟೇಪು ಕಳಿಸಿದವನು ಸಿಕ್ಕಿದ್ದು ದಶಕಗಳ ನಂತರ, ಅದೂ ಡಿಎನ್‌ಎಯಿಂದ.