ಎಚ್‌ಒ ಲೇಔಟ್‌ನ ಚೌಕಟ್ಟು: ಪ್ಲೈವುಡ್ಡೋ, ಫೋಮೋ? ಹಳಿಯಡಿಗೆ ಏನು?

ಉಗಿಬಂಡಿ:
ಎರಡು ಗೋಡೆಗೆ ಒತ್ತಿದ ಎಲ್ ಆಕಾರದ ಎಚ್‌ಒ (1:87 ಅಳತೆಯ ಮಾದರಿ ರೈಲು) ಲೇಔಟ್. ಒಂದು ಕೈ 3 ಮೀಟರ್, ಇನ್ನೊಂದು 2.4 ಮೀಟರ್, ಅಗಲ 60 ಸೆಂ.ಮೀ. ಮುಖ್ಯ ಹಳಿ ಮುಂಬದಿಯಲ್ಲಿ ಈ ತುದಿಯಿಂದ ಆ ತುದಿಗೆ ಸಮತಟ್ಟಾಗಿ ಹೋಗುತ್ತದೆ. ಕವಲು ಹಳಿ ಹಿಂಬದಿಯ ಗೋಡೆಗುಂಟ ಶೇ. 2ರ ಏರಿನಲ್ಲಿ ಹತ್ತಿ, 8 ಸೆಂ.ಮೀ. ಎತ್ತರದ ನಿಲ್ದಾಣ ಸೇರಬೇಕು. ಮೂಲೆಯ ತಿರುವಿನ ತ್ರಿಜ್ಯ 60 ಸೆಂ.ಮೀ.

ಮೇಜಿನ ಹಾಗೆ 18 ಮಿ.ಮೀ. ಪ್ಲೈವುಡ್ ಪೂರ್ತಿ ಹಾಸಲೇ, ಅಥವಾ 5 ಸೆಂ.ಮೀ. ಎಕ್ಸ್‌ಟ್ರೂಡೆಡ್ ಫೋಮ್ (ಮಣಿಯಿಲ್ಲದ ಗಟ್ಟಿ ಫೋಮ್ ಹಾಳೆ) ಸಾಕೇ? ಹಳಿಯಡಿಗೆ ಕಾರ್ಕ್ ಬೇಕೇ ಬೇಕೇ? ಕೋಣೆ ಮಳೆಗಾಲದಲ್ಲಿ ತೇವ, ಬೇಸಿಗೆಯಲ್ಲಿ ಕಾವಲಿ. ಹಳಿ ಸೊಟ್ಟಗಾಗುವ ಭಯ ಅದಕ್ಕೇ.

ಮರಗೆಲಸ_ಮೂಲೆ:
ಪೂರ್ತಿ ಹಾಸಬೇಡಿ. ಏರು ಇಳಿತ ಇರುವ ಲೇಔಟ್‌ಗೆ ಸಮತಟ್ಟಾದ ಹಲಗೆಯೇ ಮೊದಲ ಅಡ್ಡಿ: ಹಳಿಯ ಮೇಲೆ ಬೆಟ್ಟ ಕಟ್ಟಬಹುದು, ಹಳಿಯ ಕೆಳಗೆ ಕಣಿವೆ ತೋಡಲಾಗದು. ನಿಮಗೆ ತೆರೆದ ಚೌಕಟ್ಟು ಸರಿ.

3 ಮೀಟರಿನ ಕೈಗೆ ಎರಡು ಎಲ್ ತೊಲೆ ಮಾಡಿ. 9 ಸೆಂ.ಮೀ. ಅಗಲದ ಪಟ್ಟಿಯನ್ನು ನಿಲ್ಲಿಸಿ, ಅದರ ಮೇಲಂಚಿಗೆ 5 ಸೆಂ.ಮೀ. ಪಟ್ಟಿಯನ್ನು ಮಲಗಿಸಿ, ಅಂಟು ಹಾಕಿ ಸ್ಕ್ರೂ ಬಿಗಿಯಿರಿ. ಕಾಲುಗಳನ್ನು ತೀರಾ ತುದಿಗೆ ಕೊಡಬೇಡಿ. ಉದ್ದದ ಐದನೇ ಒಂದು ಭಾಗ, ಅಂದರೆ ಎರಡೂ ತುದಿಯಿಂದ 60 ಸೆಂ.ಮೀ. ಒಳಗೆ ಬರಲಿ, ನಡುವಿನ ಜೋತು ಕಡಿಮೆಯಾಗುತ್ತದೆ. ತೊಲೆಗಳ ಮೇಲೆ ಪ್ರತಿ 40 ಸೆಂ.ಮೀ.ಗೆ ಒಂದು ಅಡ್ಡಪಟ್ಟಿ. ಇದಕ್ಕೆ ಅಂಟು ಬೇಡ. ಮಲಗಿಸಿದ ಪಟ್ಟಿಯ ಕೆಳಗಿನಿಂದ ಸ್ಕ್ರೂ ಕೊಡಿ. ನಾಳೆ ಪಾಯಿಂಟ್ (ಹಳಿ ಕವಲೊಡೆಯುವ ಜಾಗ) ಬದಲಿಸುವ ಮೋಟಾರ್ ಸರಿಯಾಗಿ ಅಡ್ಡಪಟ್ಟಿಯ ಮೇಲೇ ಬಂದಾಗ (ಬಂದೇ ಬರುತ್ತದೆ) ಎರಡು ಸ್ಕ್ರೂ ಬಿಚ್ಚಿ ಪಕ್ಕಕ್ಕೆ ಸರಿಸಿದರಾಯಿತು.

ಪಟ್ಟಿಗಳನ್ನು ಒಳ್ಳೆಯ ಪ್ಲೈವುಡ್‌ನಿಂದಲೇ ಸೀಳಿಸಿಕೊಂಡರೆ ಗಟ್ಟಿಮರಕ್ಕಿಂತ ನೆಟ್ಟಗಿರುತ್ತವೆ. ಆದರೆ ಪ್ಲೈವುಡ್‌ನ ಅಂಚಿಗೆ ನೇರ ಸ್ಕ್ರೂ ಹೊಡೆದರೆ ಪದರ ಬಿಚ್ಚಿಕೊಳ್ಳುತ್ತದೆ. ಮೊದಲು ಸ್ಕ್ರೂಗಿಂತ ಸಣ್ಣ ತೂತು ಕೊರೆಯಿರಿ.

ಹಳಿ ಹೋಗುವ ಕಡೆ ಮಾತ್ರ 12 ಮಿ.ಮೀ. ಪ್ಲೈವುಡ್ಡನ್ನು ಜಿಗ್ಸಾದಿಂದ 7 ಸೆಂ.ಮೀ. ಅಗಲಕ್ಕೆ ಕತ್ತರಿಸಿ, ಅಡ್ಡಪಟ್ಟಿಗೆ ಕಚ್ಚಿಸಿದ ನಿಲುವು ತುಂಡುಗಳ ಮೇಲೆ ಕೂರಿಸಿ. ಎರಡು ತುಂಡು ಕೂಡುವ ಜಾಗ ನಿಲುವಿನ ಮೇಲೆ ಬರಬಾರದು. ನಡುವೆ ಬರಲಿ, ಅಡಿಗೆ 20 ಸೆಂ.ಮೀ. ಉದ್ದದ ಪಟ್ಟಿ ಅಂಟಿಸಿ. ಇಲ್ಲದಿದ್ದರೆ ಅಲ್ಲೇ ಮೊಣಕಾಲಿನಂತೆ ಮುರಿವು ಕಾಣಿಸಿಕೊಂಡು, ಬೋಗಿಗಳ ಕೊಂಡಿ (ಕಪ್ಲರ್) ಕಳಚುವುದು ಶುರುವಾಗುತ್ತದೆ.

ಕಡಿದಾದ_ಏರು:
ಚೌಕಟ್ಟಿಗಿಂತ ಮೊದಲು ಏರಿನ ಲೆಕ್ಕ ನೋಡಿ. 8 ಸೆಂ.ಮೀ.ಗೆ ಶೇ. 2 ಅಂದರೆ 4 ಮೀಟರ್ ಎಂದುಕೊಂಡಿದ್ದೀರಿ. ಸಮತಟ್ಟಿನಿಂದ ನೇರ ಶೇ. 2ಕ್ಕೆ ಹಾರಲಾಗದು, ಉದ್ದದ ಇಂಜಿನ್‌ನ ಕೆಲವು ಗಾಲಿ ಹಳಿ ಬಿಡುತ್ತವೆ. ಆರಂಭಕ್ಕೆ 40 ಸೆಂ.ಮೀ., ಕೊನೆಗೆ 40 ಸೆಂ.ಮೀ. ನಿಧಾನವಾಗಿ ಬಾಗಬೇಕು. ಆ ಎರಡು ಭಾಗಗಳಲ್ಲಿ ಒಟ್ಟು 0.8 ಸೆಂ.ಮೀ. ಮಾತ್ರ ಏರುತ್ತೀರಿ. ಉಳಿದ 7.2ಕ್ಕೆ 3.6 ಮೀಟರ್. ಒಟ್ಟು 4.4 ಮೀಟರ್.

ಹಳಿ ಗೋಡೆಯಿಂದ 10 ಸೆಂ.ಮೀ. ದೂರದಲ್ಲಿದ್ದರೆ, ಮೂಲೆಯ ತಿರುವೂ ಸೇರಿ ನಿಮಗೆ ಸಿಗುವ ಒಟ್ಟು ಉದ್ದ ಸುಮಾರು 4.9 ಮೀಟರ್. ಮೇಲಿನ ನಿಲ್ದಾಣಕ್ಕೆ ಉಳಿದದ್ದು ಅರ್ಧ ಮೀಟರ್, ಅದರಲ್ಲೂ ಕವಲಿನ ಪಾಯಿಂಟ್ ಪಾಲು ಕೇಳುತ್ತದೆ. ಎರಡು ಬೋಗಿಯೂ ನಿಲ್ಲಲ್ಲ.

ಪರಿಹಾರ: ಕವಲು 4 ಸೆಂ.ಮೀ. ಏರಲಿ, ಮುಖ್ಯ ಹಳಿ 4 ಸೆಂ.ಮೀ. ಇಳಿಯಲಿ. ಆ ತುದಿಯಲ್ಲಿ ವ್ಯತ್ಯಾಸ ಅದೇ 8, ಏರಿಗೆ ಬೇಕಾದ ಉದ್ದ 2.4 ಮೀಟರ್‌ಗೆ ಇಳಿಯುತ್ತದೆ. ಇದು ಮೇಲೆ ಹೇಳಿದ ತೆರೆದ ಚೌಕಟ್ಟಿನಲ್ಲಿ ಮಾತ್ರ ಸಾಧ್ಯ. ಆದಷ್ಟು ಏರನ್ನು ನೇರ ಭಾಗದಲ್ಲೇ ಮುಗಿಸಿ. ತಿರುವೂ ಏರೂ ಒಟ್ಟಿಗೆ ಬಂದರೆ ಇಂಜಿನ್ ಎಳೆಯುವ ಬೋಗಿ ಕಡಿಮೆಯಾಗುತ್ತದೆ.

ಬಾಗುವಿಕೆಗೆ ಬೇರೆ ಸಾಹಸ ಬೇಡ. ಪ್ಲೈವುಡ್ ಪಟ್ಟಿಯನ್ನು ಕೆಳತುದಿಯಲ್ಲಿ ಎರಡು ಅಡ್ಡಪಟ್ಟಿಗೆ ಭದ್ರ ಮಾಡಿ ಮೇಲೆತ್ತಿದರೆ ತಾನೇ ಹದವಾಗಿ ಬಾಗುತ್ತದೆ.

ಉಗಿಬಂಡಿ:
ಅರ್ಧ ಮೀಟರ್ ಲೆಕ್ಕ ನೋಡಿ ಎದೆ ಧಸಕ್ಕೆಂದಿತು. ಇಳಿಸಿ ಏರಿಸುವುದೇ ಸರಿ. ಹಾಗಾದರೆ ಫೋಮ್ ಪೂರ್ತಿ ಬಿಟ್ಟುಬಿಡಲೇ?

ಮರಗೆಲಸ_ಮೂಲೆ:
ಹಳಿಯಡಿಗೆ ಬಿಡಿ, ಗುಡ್ಡ ಕಣಿವೆಗೆ ಇಟ್ಟುಕೊಳ್ಳಿ. ಫೋಮ್ ಸ್ಕ್ರೂ ಹಿಡಿಯುವುದಿಲ್ಲ, ಮೋಟಾರನ್ನು ಅಡಿಯಿಂದ ಕೂರಿಸಲು ಮತ್ತೆ ಪ್ಲೈವುಡ್ ತುಂಡೇ ಬೇಕು. ಹೊತ್ತೊಯ್ಯುವ ಸಣ್ಣ ಲೇಔಟ್‌ಗೆ ಅದರಷ್ಟು ಹಗುರ ಇನ್ನೊಂದಿಲ್ಲ, ಅದು ಬೇರೆ ಮಾತು. ಉದುರುವ ಮಣಿಮಣಿ ಥರ್ಮೋಕೋಲ್ ಬೇಡವೇ ಬೇಡ. ಸಾಲ್ವೆಂಟ್ ಇರುವ ಅಂಟು ತಾಗಿದರೆ ಫೋಮ್, ಥರ್ಮೋಕೋಲ್ ಎರಡೂ ಕರಗಿ ಗುಳಿ ಬೀಳುತ್ತವೆ. ಎರಡು ಫೋಮ್ ಹಾಳೆಯ ನಡುವೆ ಬಿಳಿ ಅಂಟು ಬಳಿದರೆ ಗಾಳಿಯಾಡದೆ ವಾರ ಕಳೆದರೂ ಒಳಗೆ ಹಸಿಯೇ ಇರುತ್ತದೆ. ನೀರು ಆಧಾರಿತ ಅಕ್ರಿಲಿಕ್ ಸೀಲೆಂಟನ್ನು ತೆಳ್ಳಗೆ ಎಳೆಯಿರಿ.

ತೇವದ ವಿಷಯ: ಪ್ಲೈವುಡ್‌ನ ಎರಡೂ ಮುಖ, ನಾಲ್ಕೂ ಅಂಚು, ಎಲ್ಲಕ್ಕೂ ಬಣ್ಣ ಬಳಿಯಿರಿ. ಮೇಲ್ಮುಖಕ್ಕೆ ಮಾತ್ರ ಬಳಿದರೆ ಕೆಳಮುಖ ತೇವ ಕುಡಿದು, ಹಲಗೆ ದೋಣಿಯಂತೆ ಬಾಗುತ್ತದೆ. ಎಂಡಿಎಫ್‌ನ (ಮರದ ನಾರು ಒತ್ತಿ ಮಾಡಿದ ಹಲಗೆ) ಅಂಚು ಒಮ್ಮೆ ನೀರು ಕುಡಿದು ಉಬ್ಬಿತೆಂದರೆ ಮತ್ತೆ ಇಳಿಯುವುದಿಲ್ಲ.

ಜಲ್ಲಿ_ಚಮಚ:
ಕಾರ್ಕ್ ಕಡ್ಡಾಯವಲ್ಲ, ಆದರೆ ಮುಖ್ಯ ಹಳಿಗೆ 5 ಮಿ.ಮೀ. ಕಾರ್ಕ್ ಹಾಕಿದರೆ ಜಲ್ಲಿಯ ಇಳಿಜಾರು ಅಂಚು ತಾನಾಗಿಯೇ ಸಿಗುತ್ತದೆ. ಪಟ್ಟಿಯನ್ನು ನಡುವೆ ಸೀಳಿ, ಹಳಿಯ ನಡುಗೆರೆ ಎಳೆದು, ಒಂದರ್ಧವನ್ನು ಗೆರೆಗೆ ತಾಗಿಸಿ ಅಂಟಿಸಿ, ಆಮೇಲೆ ಇನ್ನರ್ಧ. ಎಡ ಬಲದ ಕೂಡುಗಳು ಒಂದೇ ಕಡೆ ಬರದಿರಲಿ. ಅಂಟು ಒಣಗಿದ ಮೇಲೆ ಮರದ ತುಂಡಿಗೆ ಸ್ಯಾಂಡ್‌ಪೇಪರ್ ಸುತ್ತಿ ಮೇಲ್ಮೈ ಉಜ್ಜಿ. ಬೆರಳಿಗೆ ತಾಗದ ಉಬ್ಬು ಗಾಲಿಗೆ ತಾಗುತ್ತದೆ. ಗೂಡ್ಸ್ ಬೋಗಿ ನಿಲ್ಲುವ ಸೈಡಿಂಗ್‌ಗೆ ಕಾರ್ಕ್ ಬೇಡ; 30 ಸೆಂ.ಮೀ. ಉದ್ದದಲ್ಲಿ ಕಾರ್ಡ್‌ಬೋರ್ಡ್ ಪದರಗಳಿಂದ 5 ಮಿ.ಮೀ. ಇಳಿಸಿ.

ಸದ್ದು ತಗ್ಗಲು ಎಂದು ಕಾರ್ಕ್ ಹಾಕುವವರು ಒಂದು ಮರೆಯುತ್ತಾರೆ. ಜಲ್ಲಿಗೆ ಸುರಿದ ಬಿಳಿ ಅಂಟು ಕಲ್ಲಾಗಿ, ಹಳಿಯ ಕಂಪನವನ್ನು ಕಾರ್ಕ್ ದಾಟಿಸಿ ಸೀದಾ ಹಲಗೆಗೆ ತಲುಪಿಸುತ್ತದೆ. ಮ್ಯಾಟ್ ಮೀಡಿಯಂ (ಹೊಳಪಿಲ್ಲದ ಅಕ್ರಿಲಿಕ್ ದ್ರವ) ಒಣಗಿದರೂ ಸ್ವಲ್ಪ ಮೆತ್ತಗಿರುತ್ತದೆ, ಅದು ವಾಸಿ. ಬಿಳಿ ಅಂಟೇ ಸಾಕೆಂದರೆ ಸಮಪಾಲು ನೀರು, ಎರಡು ಹನಿ ಪಾತ್ರೆ ತೊಳೆಯುವ ದ್ರವ. ಮೊದಲು ಜಲ್ಲಿಯನ್ನು ಆಲ್ಕೋಹಾಲ್ ಸಿಂಪಡಿಸಿ ನೆನೆಸಿ, ಇಲ್ಲದಿದ್ದರೆ ಅಂಟು ಮುತ್ತಿನಂತೆ ಮೇಲೇ ಉರುಳುತ್ತದೆ.

ಹಳಿ ಸೊಟ್ಟಗಾಗುವುದಕ್ಕೆ ಕಾವು ಒಂದೇ ಕಾರಣವಲ್ಲ. 5 ಮೀಟರ್ ನಿಕಲ್ ಸಿಲ್ವರ್ ಹಳಿ 20 ಡಿಗ್ರಿ ಏರಿದರೆ ಹಿಗ್ಗುವುದು 1.7 ಮಿ.ಮೀ. ಆಸುಪಾಸು. ಅದೇ ಹೊತ್ತಿಗೆ ಅಡಿಯ ಮರ ಒಣಗಿ ಕುಗ್ಗುತ್ತದೆ. ಎರಡೂ ಸೇರಿ ಹಳಿಯನ್ನು ಪಕ್ಕಕ್ಕೆ ತಳ್ಳುತ್ತವೆ. ನೇರ ಭಾಗದ ಕೂಡುಗಳಿಗೆ ಬೆಸುಗೆ ಹಾಕಬೇಡಿ, ಅರ್ಧ ಮಿ.ಮೀ. ಸಂದು ಬಿಡಿ, ಪ್ರತಿ ತುಂಡಿಗೂ ವಿದ್ಯುತ್ ಒದಗಿಸುವ ಪ್ರತ್ಯೇಕ ಫೀಡರ್ ತಂತಿ ಕೊಡಿ. ತಿರುವಿನಲ್ಲಿ ಉಲ್ಟಾ: ಎರಡು ಫ್ಲೆಕ್ಸ್ ಟ್ರ್ಯಾಕ್‌ಗಳನ್ನು (ಬೇಕಾದಂತೆ ಬಾಗುವ ಹಳಿ) ಮೇಜಿನ ಮೇಲೆ ನೇರವಾಗಿಟ್ಟು ಬೆಸೆದು, ಆಮೇಲೆ ಬಗ್ಗಿಸಿ. ತೇವ ಇರುವ ತಿಂಗಳಲ್ಲಿ ಹಳಿ ಹಾಸುತ್ತಿದ್ದರೆ ಮರ ಉಬ್ಬಿರುತ್ತದೆ, ಸಂದು ಇನ್ನೂ ಸ್ವಲ್ಪ ಧಾರಾಳವಾಗಿರಲಿ.